ಅರವತ್ತಮೂರನೆಯ ಪುಟದಾಚೆ: ಒಂದು ಕಾದಂಬರಿಯ ಮೊದಲ ಕರಡು ಮುಗಿದ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಲೇಖಕಿ ಸಾಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ವಯಸ್ಸು ನಲವತ್ತನಾಲ್ಕು. ಮನೆಗೆ ಒಂದೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಎರಡು ಎಮ್ಮೆ ಇವೆ. ಪದವಿ ತರಗತಿಯಲ್ಲಿ ಅವರು ನನ್ನ ವಿದ್ಯಾರ್ಥಿನಿಯಾಗಿದ್ದರು. ಅವರ ಒಪ್ಪಿಗೆ ಪಡೆದು, ಹೆಸರನ್ನೂ ಊರನ್ನೂ ಬಿಟ್ಟು, ಅವರ ಕಾದಂಬರಿಯ ಮೊದಲ ಕರಡು ನಾಲ್ಕೂವರೆ ವರ್ಷ ನಿಂತು, ಅನಂತರ ಒಂದೇ ಮಳೆಗಾಲದಲ್ಲಿ ಮುಗಿದದ್ದು ಹೇಗೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನಾನು ಇದರಲ್ಲಿ ಬರಿಯ ನೋಡುಗನಾಗಿರಲಿಲ್ಲ. ನನ್ನ ಸಲಹೆಗಳಲ್ಲಿ ಕೆಲವು ನೆರವಾದವು, ಒಂದು ಮಾತ್ರ ಕೆಲಸವನ್ನೇ ನಿಲ್ಲಿಸಿಬಿಟ್ಟಿತ್ತು.

ಕಾದಂಬರಿಯ ವಸ್ತು ಶರಾವತಿ ಕಣಿವೆಯ ಮುಳುಗಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು, ಸಮುದ್ರಮಟ್ಟದಿಂದ 1819 ಅಡಿಯ ಗರಿಷ್ಠ ಮಟ್ಟಕ್ಕೆ ನೀರು ಏರತೊಡಗಿದಾಗ ಊರು ಬಿಟ್ಟ ಒಂದು ಒಕ್ಕಲು ಮನೆತನದ ಕಥೆ ಅದು. ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಎದ್ದ 1951ರ ಕಾಗೋಡು ಸತ್ಯಾಗ್ರಹದಲ್ಲಿ ಆ ಮನೆಯ ಹಿರಿಯ ಜೈಲಿಗೆ ಹೋಗಿ ಬಂದಿರುತ್ತಾನೆ. ಆದರೆ ಗದ್ದೆ ಗೇಣಿಯದ್ದಾದ್ದರಿಂದ, ಮುಳುಗಡೆಯ ಹೊತ್ತಿಗೆ ದಾಖಲೆಯಲ್ಲಿರುವುದು ಜಮೀನಿನ ಒಡೆಯರ ಹೆಸರು, ಪರಿಹಾರ ಹೋಗುವುದೂ ಆ ಹೆಸರಿಗೇ. ಉಳುವವನಿಗೇ ಭೂಮಿ ಎಂಬ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಈ ಹತ್ತು ವರ್ಷಗಳ ಅಂತರವೇ ಕಾದಂಬರಿಯ ಜೀವ ಎಂದು ಈಗ ನಾವಿಬ್ಬರೂ ಸಲೀಸಾಗಿ ಹೇಳುತ್ತೇವೆ. ಬರವಣಿಗೆ ನಿಂತಿದ್ದ ಕಾಲದಲ್ಲಿ ಇದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ನಿಂತದ್ದೆಲ್ಲಿ

2019ರ ದಸರಾ ರಜೆಯಲ್ಲಿ ಬರವಣಿಗೆ ಆರಂಭವಾಯಿತು. 2024ರ ಮೇ ತಿಂಗಳಲ್ಲಿ ಅವರು ನನ್ನ ಮನೆಗೆ ಬಂದಾಗ ಕೈಯಲ್ಲಿದ್ದದ್ದು ಅರವತ್ತಮೂರು ಪುಟ. ಆ ಪುಟಗಳನ್ನು ಅವರು ಬರೆದದ್ದು ಒಂದು ಸಲವಲ್ಲ. ಮೊದಲ ಅಧ್ಯಾಯವೊಂದೇ ಒಂಬತ್ತು ರೂಪದಲ್ಲಿತ್ತು. ಒಂದರಲ್ಲಿ ಕಥೆ ಮಳೆಯಿಂದ ಶುರುವಾಗುತ್ತಿತ್ತು, ಇನ್ನೊಂದರಲ್ಲಿ ಸಾವಿನಿಂದ, ಮತ್ತೊಂದರಲ್ಲಿ ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುವ ನೋಟದಿಂದ. ಒಂಬತ್ತೂ ಚೆನ್ನಾಗಿದ್ದವು, ತೊಂದರೆ ಇದ್ದದ್ದೂ ಅದೇ. ಚೆನ್ನಾಗಿರುವುದನ್ನು ಇನ್ನೂ ಚೆನ್ನಾಗಿ ಮಾಡುವ ಕೆಲಸಕ್ಕೆ ಕೊನೆಯೆಂಬುದಿಲ್ಲ, ಮೇಲಾಗಿ ಅದು ಬರೆಯುವ ಕೆಲಸದಂತೆಯೇ ಕಾಣುವುದರಿಂದ ಮಾಡುತ್ತಿರುವವರಿಗೆ ತಾವು ನಿಂತಿದ್ದೇವೆಂಬ ಅನುಮಾನವೂ ಬರುವುದಿಲ್ಲ.

ಸಮಯವಿಲ್ಲದ್ದೇ ಕಾರಣ ಎಂದು ಅವರು ನಂಬಿದ್ದರು. ಮಾತನಾಡುತ್ತ ಹೋದಂತೆ ಬೇರೆ ಕಾರಣಗಳು ಹೊರಬಿದ್ದವು. ಮೊದಲನೆಯದು, ಗ್ರಂಥಾಲಯದ ಕೆಲಸ. ಕನ್ನಡದ ದೊಡ್ಡ ಕಾದಂಬರಿಗಳನ್ನು ದಿನವೂ ಕೈಯಲ್ಲಿ ಹಿಡಿದು ಕಪಾಟಿಗೆ ಸೇರಿಸುವವರಿಗೆ ತಮ್ಮ ಹಸಿ ವಾಕ್ಯ ಸಪ್ಪೆಯಾಗಿ ಕಾಣುವುದು ಸಹಜ. ಮೂರು ಸಲ ತಿದ್ದಿ, ಅಚ್ಚಾಗಿ, ಹೊಲಿಗೆ ಹಾಕಿಸಿಕೊಂಡು ಬಂದ ಪುಸ್ತಕವನ್ನು ನಿನ್ನೆ ರಾತ್ರಿಯ ತಮ್ಮ ಪುಟದ ಪಕ್ಕಕ್ಕಿಟ್ಟು ನೋಡುತ್ತಿದ್ದರು. ಎರಡನೆಯದು, ಮಾಹಿತಿ. ಎಕರೆಗೆ ಎಷ್ಟು ಪರಿಹಾರ ಕೊಟ್ಟರು ಎಂಬ ಒಂದು ಅಂಕಿಗಾಗಿ ಎಂಟು ತಿಂಗಳು ಕಚೇರಿ, ಹಳೆಯ ಪತ್ರಿಕೆ, ಮುಳುಗಡೆ ಮನೆಗಳ ಹಿರಿಯರು ಎಂದು ಅಲೆದಿದ್ದರು. ಸಿಕ್ಕ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅಂಕಿ ಸಿಗುವವರೆಗೆ ಆ ದೃಶ್ಯ ಬರೆಯುವಂತಿಲ್ಲ, ಆ ದೃಶ್ಯವಿಲ್ಲದೆ ಮುಂದೆ ಹೋಗುವಂತಿಲ್ಲ ಎಂದು ತಾವೇ ಬೇಲಿ ಹಾಕಿಕೊಂಡಿದ್ದರು.

ಮೂರನೆಯದು ತೀರ ಸಣ್ಣದು, ಆದರೆ ಕಾಡಿದ್ದು ಹೆಚ್ಚು. ಮೊದಲ ಎರಡು ವರ್ಷ ಪಂಚಾಯಿತಿಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಯೂನಿಕೋಡಿಗೆ ಬದಲಾಯಿಸಿದಾಗ ಕೆಲವು ಒತ್ತಕ್ಷರಗಳು ಸ್ಥಾನ ಬಿಟ್ಟು ಕದಲಿದವು. ಅವನ್ನು ಸರಿಪಡಿಸಲು ಕುಳಿತವರು ಅಕ್ಷರದ ಜೊತೆಗೆ ವಾಕ್ಯವನ್ನೂ ಸರಿಪಡಿಸುತ್ತ ಮತ್ತೆ ಒಂದನೆಯ ಪುಟಕ್ಕೇ ಹೋಗಿ ನಿಲ್ಲುತ್ತಿದ್ದರು. ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯವನ್ನೂ ಪ್ರಯತ್ನಿಸಿದರು. ಮಳೆಗೆ ಸೂಡುವ ‘ಗೊರಬು’ ಅದರ ಕಿವಿಗೆ ‘ಗುರುವು’ ಆಗಿ, ಅಜ್ಜಿ ಗುರುವನ್ನು ತಲೆಗೆ ಹಾಕಿಕೊಂಡು ನಾಟಿಗೆ ಹೋದಳು ಎಂದು ಬರೆದುಕೊಟ್ಟಿತಂತೆ. ಇದನ್ನು ಹೇಳುವಾಗ ಇಬ್ಬರೂ ನಕ್ಕೆವು. ಆದರೆ ಆ ದಿನ ಅವರು ಮೊಬೈಲನ್ನು ಮುಚ್ಚಿಟ್ಟವರು ಎರಡು ತಿಂಗಳು ಬರೆದಿರಲಿಲ್ಲ.

ಇದರ ನಡುವೆ, 2022ರಲ್ಲಿ, ಬೆಂಗಳೂರಿನಲ್ಲಿರುವ ಅಣ್ಣನ ಮಗ ನ್ಯಾನೊರೈಮೊ ಎಂಬ ಬರವಣಿಗೆಯ ಸವಾಲಿನ ಬಗ್ಗೆ ಹೇಳಿದ. ಅಮೆರಿಕದಲ್ಲಿ 1999ರಲ್ಲಿ ಕೆಲವೇ ಗೆಳೆಯರಿಂದ ಆರಂಭವಾಗಿ, ನವೆಂಬರ್ ತಿಂಗಳ ಮೂವತ್ತು ದಿನಗಳಲ್ಲಿ 50,000 ಪದ ಬರೆಯಬೇಕೆಂಬ ಪಣವಾಗಿ ಜಗತ್ತಿನಾದ್ಯಂತ ಹರಡಿದ್ದು ಅದು (ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಮುಚ್ಚಿತು). ದಿನಕ್ಕೆ ಸುಮಾರು 1,667 ಪದ. ಲೇಖಕಿ ಒಂಬತ್ತು ದಿನ ಪ್ರಯತ್ನಿಸಿ 7,400ಕ್ಕೆ ನಿಂತರು, ತಮ್ಮ ಕೈಯಲ್ಲಿ ಆಗದು ಎಂದು ತೀರ್ಮಾನಿಸಿದರು. ಆ ತೀರ್ಮಾನ ತಪ್ಪು ಎಂಬುದು ನನ್ನ ಅಭಿಪ್ರಾಯ. ಆ ಅಳತೆಗೋಲು ಇಂಗ್ಲಿಷಿನದು. ‘ಬರಬೇಕಾಗಿತ್ತಂತೆ’ ಎಂದು ನಾವು ಒಂದೇ ಪದದಲ್ಲಿ ಮುಗಿಸುವುದನ್ನು ಆ ಭಾಷೆಯಲ್ಲಿ ಹೇಳಲು ಆರೇಳು ಪದ ಬೇಕು. ಕನ್ನಡದಲ್ಲಿ 7,400 ಪದವೆಂದರೆ ಅವರು ಅಂದುಕೊಂಡದ್ದಕ್ಕಿಂತ ಸಾಕಷ್ಟು ದೊಡ್ಡ ಬರವಣಿಗೆ. ತಿಂಗಳ ಆಯ್ಕೆಯೂ ಹಾಗೆಯೇ. ನವೆಂಬರಿನಲ್ಲಿ ಮಲೆನಾಡಿನ ಅಡಿಕೆ ಮನೆಯ ಹೆಂಗಸಿಗೆ ಬೆಳಗಾದರೆ ಸುಲಿಯುವವರ ಕಾಫಿ ತಿಂಡಿ, ಮಧ್ಯಾಹ್ನ ಒಲೆಯ ಮೇಲಿನ ಹಂಡೆಯಲ್ಲಿ ಬೇಯುವ ಅಡಿಕೆ, ಸಂಜೆ ಅಟ್ಟದ ಮೇಲಿನ ಲೆಕ್ಕ. ಆ ತಿಂಗಳು ಕಾದಂಬರಿ ಬರೆಯುತ್ತೇನೆಂದು ಕುಳಿತರೆ ಮನೆಯಲ್ಲಿ ಯಾರೂ ಬೈಯದಿದ್ದರೂ ತಮಗೇ ತಪ್ಪಿತಸ್ಥ ಭಾವ ಬರುತ್ತದೆ.

ಮಾಡಿದ ಏರ್ಪಾಡು

ಮೇ ತಿಂಗಳ ಆ ಭೇಟಿಯಲ್ಲಿ ನಾನು ಅರವತ್ತಮೂರು ಪುಟಗಳನ್ನು ಓದಲಿಲ್ಲ. ಕಥೆ ಎಲ್ಲಿ ಮುಗಿಯುತ್ತದೆ ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ತಮ್ಮ ಅತ್ತೆಯಿಂದ ಕೇಳಿದ್ದ ಒಂದು ಸಂಗತಿಯನ್ನು ಹೇಳಿದರು. 1974ರ ಕಾಯ್ದೆ ಬಂದು, ಊರೂರಿನಲ್ಲಿ ಗೇಣಿದಾರರು ತಾವು ಉಳುವ ಭೂಮಿಯ ಹಕ್ಕು ಕೇಳಿ ಏಳನೆಯ ನಮೂನೆ ತುಂಬಿ ಡಿಕ್ಲರೇಶನ್ ಹಾಕುತ್ತಿದ್ದಾಗ, ಮುಳುಗಡೆಯಿಂದ ಎದ್ದು ಬಂದ ಒಬ್ಬ ಮುದುಕಿ ಅರ್ಜಿ ಬರೆಯುವವನ ಮುಂದೆ ಕುಳಿತು, “ನೀರೊಳಗಿರೋ ಗದ್ದೆಗೂ ಡಿಕ್ಲರೇಶನ್ ಹಾಕ್ಬೋದಾ ತಮಾ?” ಎಂದು ಕೇಳಿದಳಂತೆ.

“ಇವತ್ತು ರಾತ್ರಿ ಇದನ್ನೇ ಬರಿ” ಎಂದೆ.

“ಮಧ್ಯದ್ದೇನೂ ಬರೀದೆ ಕೊನೇದು ಹ್ಯಾಗೆ ಬರೀಲಿ ಸರ್?”

“ಮಧ್ಯದ್ದಕ್ಕೆ ಎಲ್ಲಿಗೆ ಹೋಗ್ಬೇಕು ಅನ್ನೋದಾದ್ರೂ ಗೊತ್ತಾಗ್ಲಿ.”

ಮರುದಿನ ಬೆಳಿಗ್ಗೆ ಫೋನಿನಲ್ಲಿ ಆರು ಪುಟವಾಯಿತೆಂದು ತಿಳಿಸಿದರು. ನಾಲ್ಕೂವರೆ ವರ್ಷಗಳಲ್ಲಿ ಒಂದು ದಿನಕ್ಕೆ ಬರೆದ ಅತ್ಯಂತ ಹೆಚ್ಚಿನ ಪುಟಗಳು ಅವು. ಆ ಆರು ಪುಟ ಕೈಗೆ ಬಂದ ಮೇಲೆ ಉಳಿದ ಪ್ರಶ್ನೆಗಳ ರೂಪವೇ ಬದಲಾಯಿತು. ಎಕರೆಗೆ ಎಷ್ಟು ಪರಿಹಾರ ಎಂಬ ಅಂಕಿ ಏಕೆ ಬೇಕಿಲ್ಲ ಎಂಬುದು ತಾನಾಗಿ ಗೊತ್ತಾಯಿತು. ಈ ಮನೆಯವರಿಗೆ ಪರಿಹಾರವೇ ಬರಲಿಲ್ಲವಲ್ಲ! ಎಂಟು ತಿಂಗಳು ಹುಡುಕಿದ ಅಂಕಿ ಕಥೆಗೆ ಸಂಬಂಧಿಸಿದ್ದೇ ಆಗಿರಲಿಲ್ಲ.

ಅರವತ್ತಮೂರು ಪುಟಗಳನ್ನೂ ಒಂಬತ್ತು ಆರಂಭಗಳನ್ನೂ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕಂಪ್ಯೂಟರಿನ ಕಡತ ಹೇಗೂ ಅವರ ಬಳಿ ಇದ್ದೇ ಇತ್ತು, ಬೇಕೆಂದರೆ ತೆರೆಯಬಹುದಿತ್ತು. ಆದರೂ ಬೀಗಕ್ಕೆ ಒಂದು ಮರ್ಯಾದೆ ಇರುತ್ತದೆ, ಅವರು ತೆರೆಯಲಿಲ್ಲ.

ಸಾಗರದ ಪೇಟೆಯಲ್ಲಿ ಮೂರು ಉದ್ದನೆಯ ಲೆಕ್ಕದ ಪುಸ್ತಕಗಳನ್ನು ಕೊಂಡೆವು. ಬಲಪುಟದಲ್ಲಿ ಮಾತ್ರ ಕಥೆ, ಎಡಪುಟ ಅನುಮಾನಕ್ಕೆ ಮೀಸಲು ಎಂದು ನಿಯಮ ಮಾಡಿದೆವು. ಬರೆಯುತ್ತಿರುವಾಗ ಯಾವುದೇ ಸಂಗತಿ ಗೊತ್ತಿಲ್ಲವೆನಿಸಿದರೆ ಏಳಬಾರದು, ಫೋನ್ ಮಾಡಬಾರದು, ಪುಸ್ತಕ ತೆಗೆಯಬಾರದು. ಎಡಪುಟದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಬೇಕು. ಆ ಎಡಪುಟಗಳು ನನ್ನ ಮುಂದಿವೆ. “ಲಾರಿ ಇತ್ತಾ, ಗಾಡಿನಾ?” “ಅತ್ತೆ ಹೇಳಿದ ಹಾಡಿನ ಎರಡನೇ ಸಾಲು ಕೇಳಬೇಕು.” “ಇವನ ಹೆಸರು ಹಿಂದೆ ಬೇರೆ ಇಟ್ಟಿದ್ದೆನಾ?” “ಈ ದೃಶ್ಯ ಸುಳ್ಳು ಅನ್ನಿಸ್ತಿದೆ.” ಒಂದು ಕಡೆ ಪುಟದ ತುಂಬ, ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಯ ಚಿತ್ತಾರವನ್ನು ಪೆನ್ನಿನಲ್ಲೇ ಬಿಡಿಸಿದ್ದಾರೆ. ಅದನ್ನು ಮಾತಿನಲ್ಲಿ ವರ್ಣಿಸಲು ಹೊರಟು ಸಾಧ್ಯವಾಗದೆ, ಎಳೆ ಎಷ್ಟು ಬರುತ್ತದೆಂದು ಎಣಿಸಲು ಬರೆದದ್ದು. ಬಲಪುಟದಲ್ಲಿ ಮಾತ್ರ “ಬುಟ್ಟಿಗೆ ಚಿತ್ತಾರ ಬರೆದರು” ಎಂಬ ಮೂರೇ ಪದ.

ಅಳತೆಗೆ ಪದವೂ ಬೇಡ, ಪುಟವೂ ಬೇಡ, ದೃಶ್ಯ ಸಾಕು ಎಂದುಕೊಂಡೆವು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಮೂವತ್ತೆಂಟು ದೃಶ್ಯಗಳಿಗೆ ಒಂದೊಂದು ಸಾಲು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಜೊತೆಗೆ ಕರಡು ಮುಗಿಯಿತು ಎಂದರೆ ಏನು ಎಂಬುದನ್ನೂ ಮೊದಲೇ ನಿಗದಿಪಡಿಸಿದೆವು: ಮೂವತ್ತೆಂಟರಲ್ಲಿ ಪ್ರತಿಯೊಂದು ದೃಶ್ಯವೂ ಬರೆದಿರಬೇಕು, ಅಥವಾ ಅದನ್ನು ಬಿಟ್ಟದ್ದಕ್ಕೆ ಒಂದು ಸಾಲಿನ ಕಾರಣ ಅದರ ಜಾಗದಲ್ಲಿರಬೇಕು. ಚೆನ್ನಾಗಿದೆಯೇ ಎಂಬುದು ಈ ವ್ಯಾಖ್ಯೆಯಲ್ಲಿ ಬರಕೂಡದು. ಈ ಕೊನೆಯ ಮಾತಿಗೆ ಅವರು ಒಪ್ಪಲು ಒಂದು ವಾರ ಹಿಡಿಯಿತು.

ಮಳೆಗಾಲದ ನಾಲ್ಕು ತಿಂಗಳು

ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಬರೆಯಬೇಕೆಂದು ನಾನು ಹೇಳಿದ್ದೆ. ಆ ಸಲಹೆ ಐದು ದಿನವೂ ನಡೆಯಲಿಲ್ಲ. ಆ ಹೊತ್ತಿಗೆ ಎಮ್ಮೆ ಕರೆಯಬೇಕು, ಒಲೆ ಹೊತ್ತಿಸಬೇಕು, ಮಲೆನಾಡಿನ ಜೂನ್ ತಿಂಗಳಲ್ಲಿ ಒದ್ದೆ ಕಟ್ಟಿಗೆ ಹೊತ್ತುವುದೇ ಒಂದು ಅಧ್ಯಾಯದಷ್ಟು ಸಮಯ ತಿನ್ನುತ್ತದೆ. ಗ್ರಂಥಾಲಯದಲ್ಲಿ ಬರೆಯೋಣವೆಂದರೆ ಶಾಲೆ ಬಿಟ್ಟ ಮಕ್ಕಳು ಸುತ್ತುವರಿಯುತ್ತಾರೆ. ಕೊನೆಗೆ ಅವರೇ ಕಂಡುಕೊಂಡದ್ದು ಭಾನುವಾರ ಮತ್ತು ರಜಾದಿನಗಳ ಮಧ್ಯಾಹ್ನ ಹಾಗೂ ಉಳಿದ ದಿನ ರಾತ್ರಿ ಊಟವಾದ ಮೇಲೆ ಕರೆಂಟು ಹೋಗುವ ಹೊತ್ತು. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಟಿವಿ ಆರಿ ಮನೆಯವರೆಲ್ಲ ಬೇಗ ಮಲಗುತ್ತಿದ್ದರು. ಚಾರ್ಜರ್ ಲೈಟಿನ ಬೆಳಕಿನಲ್ಲಿ ಲೆಕ್ಕದ ಪುಸ್ತಕ ತೆರೆಯಲು ಅಷ್ಟು ಸಾಕಾಗಿತ್ತು. ಜೂನ್ ತಿಂಗಳಲ್ಲಿ ಏಳು ದೃಶ್ಯಗಳಾದವು.

ಜುಲೈನಲ್ಲಿ ನಾಟಿ ಬಂತು, ಅದರ ಬೆನ್ನಿಗೆ ತೋಟಕ್ಕೆ ಎರಡನೆಯ ಸಲ ಮೈಲುತುತ್ತ ಹೊಡೆಸುವ ಕೆಲಸ. ಮಳೆ ಬಿಡುವು ಕೊಟ್ಟಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿ ಗೊನೆಗಳಿಗೆ ಹೊಡೆಸದಿದ್ದರೆ ಕೊಳೆ ರೋಗ ಬಂದು ವರ್ಷದ ಫಸಲೇ ಉದುರುತ್ತದೆ, ಅದರ ಮುಂದೆ ಕಾದಂಬರಿಯ ಮಾತು ಎತ್ತುವಂತಿಲ್ಲ. ಆ ತಿಂಗಳು ನಾಲ್ಕೇ ದೃಶ್ಯ. ದಿನವೂ ತಪ್ಪದೆ ಬರೆಯಬೇಕೆಂಬ ಬೋಧನೆಯನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಮಾಡಿದ್ದೇನೆ. ಅದು ತಿಂಗಳ ಸಂಬಳದ ಮನೆಗಳ ಬೋಧನೆ ಎಂದು ಈಗ ಅನಿಸುತ್ತದೆ.

ಆಗಸ್ಟ್ ಆರಂಭದಲ್ಲಿ ನಾನು ತಪ್ಪು ಮಾಡಿದೆ. ಮೊದಲ ಲೆಕ್ಕದ ಪುಸ್ತಕ ತುಂಬಿದಾಗ ಅವರು ತೋರಿಸಲು ತಂದರು, ನಾನು ಓದಿದೆ. ಓದಿದ್ದಷ್ಟೇ ಅಲ್ಲ, ಪೆನ್ಸಿಲ್ ಹಿಡಿದು ಓದಿದೆ. ಹನ್ನೆರಡನೆಯ ದೃಶ್ಯದಲ್ಲಿ, ನೀರು ಬರುವ ಮುಂಚಿನ ಕಾಲದಲ್ಲೇ ಒಬ್ಬ ಪಾತ್ರ ಲಾಂಚಿನಲ್ಲಿ ಹೊಳೆ ದಾಟುತ್ತಾನೆ. ಹಿನ್ನೀರಿನ ಲಾಂಚ್ ಹಿನ್ನೀರಿಗಿಂತ ಮೊದಲೇ ಬರುವುದು ಹೇಗೆ ಎಂದು ಅಂಚಿನಲ್ಲಿ ಬರೆದೆ, ಅಲ್ಲಿ ದೋಣಿ ಇರಬೇಕಿತ್ತು. ಟಿಪ್ಪಣಿ ಸರಿಯೇ ಇತ್ತು, ಅದನ್ನು ಬರೆದ ಹೊತ್ತು ಸರಿಯಿರಲಿಲ್ಲ. ಅಂಥ ಹದಿನಾಲ್ಕು ಟಿಪ್ಪಣಿಗಳನ್ನು ಕಂಡವರು ಪುಸ್ತಕ ತೆಗೆದುಕೊಂಡು ಹೋಗಿ ಹತ್ತೊಂಬತ್ತು ದಿನ ಒಂದು ಸಾಲೂ ಬರೆಯಲಿಲ್ಲ. ದೋಣಿಯವನೊಬ್ಬನನ್ನು ಹೊಸದಾಗಿ ಸೃಷ್ಟಿಸಿ ಹಿಂದಿನ ದೃಶ್ಯಗಳಲ್ಲಿ ಅವನಿಗೆ ಜಾಗ ಮಾಡುವ ಯೋಚನೆಯಲ್ಲಿದ್ದರು. ಹಾಗೆ ಬಿಟ್ಟಿದ್ದರೆ ಮತ್ತೆ ಒಂದನೆಯ ಪುಟಕ್ಕೇ ಹೋಗುತ್ತಿದ್ದರು. ನಾನೇ ಅವರ ಊರಿಗೆ ಹೋಗಿ, ಆ ಪೆನ್ಸಿಲ್ ಗುರುತುಗಳನ್ನೆಲ್ಲ ಅವರೆದುರಿಗೇ ರಬ್ಬರಿನಿಂದ ಅಳಿಸಿ, ಕರಡು ಮುಗಿಯುವವರೆಗೆ ಒಂದು ಸಾಲನ್ನೂ ಓದುವುದಿಲ್ಲವೆಂದು ಹೇಳಿ ಬಂದೆ. ಅವರ ಅತ್ತೆ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. “ಬರ್ದಿದ್ದು ಅಳ್ಸೋಕೆ ಸಾಗರದಿಂದ ಬಂದ್ರಾ?” ಎಂದು ಕೇಳಿದರು.

ಆ ತಿಂಗಳ ಉಳಿದ ದಿನಗಳಲ್ಲಿ ಅನಿರೀಕ್ಷಿತವಾದ ಒಂದು ಬದಲಾವಣೆಯಾಯಿತು. ಅದುವರೆಗೆ ಕಥೆಯನ್ನು ಹೇಳುತ್ತಿದ್ದದ್ದು ಎಲ್ಲವನ್ನೂ ಬಲ್ಲ ನಿರೂಪಕ, ಭಾಷೆ ಗ್ರಂಥಸ್ಥ. ಹದಿನಾರನೆಯ ದೃಶ್ಯದ ನಡುವೆ ಅಜ್ಜಿ ಒಂದು ಸಾಲು ಮಾತಾಡಿ, ಆ ಮಾತು ನಿಲ್ಲದೆ ಮೂರು ಪುಟ ಹೋಯಿತು, ಅಲ್ಲಿಂದ ಮುಂದೆ ನಿರೂಪಕನೇ ಕಾಣೆಯಾಗಿ ಅಜ್ಜಿಯೇ ತನ್ನ ಆಡುಮಾತಿನಲ್ಲಿ ಕಥೆ ಹೇಳತೊಡಗಿದಳು. ಹಿಂದಿನ ಹದಿನೈದು ದೃಶ್ಯಗಳನ್ನೂ ಅಜ್ಜಿಯ ಬಾಯಿಗೆ ಹಾಕಿ ಬರೆಯಬೇಕಲ್ಲವೇ ಎಂದು ಅವರು ಫೋನ್ ಮಾಡಿದರು. ಮೊದಲಿನಿಂದಲೂ ಹಾಗೇ ಇತ್ತು ಅಂದುಕೊಂಡು ಮುಂದೆ ಬರೆಯುತ್ತ ಹೋಗಲು ಹೇಳಿದೆ. ಎಡಪುಟದಲ್ಲಿ “ಇಲ್ಲಿಂದ ಅಜ್ಜಿ” ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡ ಗುರುತು ಆ ಗೆರೆಯೇ. ಒಂಬತ್ತು ಸಲ ತಿದ್ದಿದ ಮೊದಲ ಅಧ್ಯಾಯದಲ್ಲಿ ಎಷ್ಟು ಹುಡುಕಿದರೂ ಅಜ್ಜಿಯ ಈ ದನಿ ಸಿಗುತ್ತಿರಲಿಲ್ಲ, ಏಕೆಂದರೆ ಅದು ಹುಟ್ಟಿದ್ದು ನೂರಾ ಐವತ್ತು ಪುಟ ಬರೆದ ಕೈಯಲ್ಲಿ. ಆಗಸ್ಟಿನಲ್ಲಿ ಆರು ದೃಶ್ಯ, ಸೆಪ್ಟೆಂಬರಿನಲ್ಲಿ ಒಂಬತ್ತು.

ಕೊನೆ

ಸೆಪ್ಟೆಂಬರ್ ಕಡೆಯ ವಾರದಲ್ಲಿ ಕೊನೆಗಾರ, ಎಂದರೆ ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಇಳಿಸುವವನು, ಬಂದು ತೋಟ ನೋಡಿ, ಭೂಮಿ ಹುಣ್ಣಿಮೆ ಕಳೆದ ಮೂರನೆಯ ದಿನಕ್ಕೆ ಮೊದಲ ಕೊಯ್ಲು ಎಂದು ಹೇಳಿಹೋದ. ಕೊನೆಗಾರ ಕೊಟ್ಟ ದಿನವನ್ನು ತಳ್ಳುವುದು ಈ ಸೀಮೆಯಲ್ಲಿ ಯಾರಿಂದಲೂ ಆಗದು. ಒಂದು ದಿನ ತಪ್ಪಿದರೆ ಅವನು ಮತ್ತೆ ಸಿಗುವುದು ಹದಿನೈದು ದಿನಕ್ಕೆ. ಅದುವರೆಗೆ ನಾವು ಹಾಕಿಕೊಂಡಿದ್ದ ಗಡುವುಗಳೆಲ್ಲ ನಮ್ಮವೇ ಆಗಿದ್ದರಿಂದ ಅವಕ್ಕೆ ಬೆಲೆಯಿರಲಿಲ್ಲ, ಈ ಗಡುವು ಬೇರೆಯವರದು. “ಕೊನೆ ಇಳಿಸೋ ಮೊದ್ಲು ಕೊನೆ ಬರೀಬೇಕು ಸರ್” ಎಂದು ಅವರು ನಕ್ಕರು.

ಆಗ ಉಳಿದಿದ್ದದ್ದು 1964ರಿಂದ 1974ರವರೆಗಿನ ಹತ್ತು ವರ್ಷ. ಗೋಡೆಯ ಮೇಲಿನ ಪಟ್ಟಿಯಲ್ಲಿ ಅದಕ್ಕೆ ಹನ್ನೆರಡು ದೃಶ್ಯಗಳಿದ್ದವು. ಹೊಸ ಜಾಗದಲ್ಲಿ ಕಾಡು ಕಡಿದದ್ದು, ಗುಡಿಸಲು, ಕಾಯಿಲೆ, ಮಗಳ ಮದುವೆ. ಒಂದೊಂದನ್ನೂ ಬರೆಯಲು ಹೊರಟಾಗ ಎಲ್ಲವೂ ಒಂದೇ ಬಗೆಯಾಗಿ ಬರತೊಡಗಿದವು. ಐದನ್ನು ಬರೆದು, ಐದರ ಮೇಲೆ ಗೆರೆ ಎಳೆದು, ಬಿಟ್ಟದ್ದಕ್ಕೆ ಕಾರಣವನ್ನು ಒಂದೊಂದು ಸಾಲಿನಲ್ಲಿ ಬರೆದರು. “ಮದುವೆ ದೃಶ್ಯ: ಅಜ್ಜಿ ಇದನ್ನು ಹೇಳುವುದಿಲ್ಲ” ಎಂಬುದು ಅದರಲ್ಲೊಂದು. ಉಳಿದ ಎರಡರ ಜಾಗದಲ್ಲಿ ಬಲಪುಟಗಳು ಖಾಲಿ ಇವೆ. ಎಡಪುಟದಲ್ಲಿ “ಇಲ್ಲಿ ಏನೋ ಇದೆ, ಈಗ ಕಾಣುತ್ತಿಲ್ಲ” ಎಂದಿದೆ. ನಮ್ಮ ವ್ಯಾಖ್ಯೆಯ ಪ್ರಕಾರ ಅದೂ ಸಲ್ಲುತ್ತದೆಯೇ ಎಂದು ಕೇಳಿದರು, ಸಲ್ಲುತ್ತದೆ ಎಂದೆ.

ಭೂಮಿ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಕರಡು ಮುಗಿಯಿತು. ಒಟ್ಟು 371 ಬಲಪುಟ, ಬರೆದ ದೃಶ್ಯ ಮೂವತ್ತೊಂದು, ಎಡಪುಟದ ಅನುಮಾನಗಳು ಎಣಿಸಿದರೆ ಇನ್ನೂರ ಹದಿನೆಂಟು. ಸುಲಿಯುವ ಕೆಲಸವೆಲ್ಲ ತೀರಿದ ಮೇಲೆ, ಜನವರಿಯಲ್ಲಿ, ಅವರು ಬಂದು ಬೀರುವಿನಲ್ಲಿದ್ದ ಅರವತ್ತಮೂರು ಪುಟಗಳನ್ನು ತೆಗೆದುಕೊಂಡರು. ನನ್ನ ಮನೆಯ ಜಗಲಿಯಲ್ಲೇ ಕುಳಿತು ಓದಿ, ಹನ್ನೊಂದು ಪುಟಗಳನ್ನು ಬೇರೆ ಮಾಡಿಟ್ಟುಕೊಂಡು, ಉಳಿದವನ್ನು ಒಲೆಗೆ ಹಾಕಬಹುದು ಎಂದರು. ನಾನು ಹಾಕಿಲ್ಲ.

ಕೊನೆಯ ದೃಶ್ಯದ ಬಗ್ಗೆ ಒಂದು ಸಂಗತಿ ಉಳಿದಿದೆ. ಮೇ ತಿಂಗಳಲ್ಲಿ ಬರೆದಿದ್ದ ಆರು ಪುಟಗಳನ್ನು ಅಕ್ಟೋಬರಿನಲ್ಲಿ ಅವರು ನಕಲು ಮಾಡಲಿಲ್ಲ. ಅವನ್ನು ನೋಡದೆ ಹೊಸದಾಗಿ ಬರೆದರು. ಮೇ ತಿಂಗಳ ರೂಪದಲ್ಲಿ ನೀರೊಳಗಿನ ಗದ್ದೆಗೆ ಡಿಕ್ಲರೇಶನ್ ಹಾಕಬಹುದೇ ಎಂದು ಕೇಳುವುದು ಅಜ್ಜಿ. ಅಕ್ಟೋಬರಿನ ರೂಪದಲ್ಲಿ ಅಜ್ಜಿ ಮಾತೇ ಆಡುವುದಿಲ್ಲ. ಅವಳ ಸೆರಗು ಹಿಡಿದು ನಿಂತ, ಮುಳುಗಿದ ಊರನ್ನು ಕಂಡೇ ಇಲ್ಲದ ಒಂಬತ್ತು ವರ್ಷದ ಮೊಮ್ಮಗಳು ಅದನ್ನು ಕೇಳುತ್ತಾಳೆ. ಎರಡನ್ನೂ ಒಂದೇ ಗುಂಡುಪಿನ್ನಿನಲ್ಲಿ ಸೇರಿಸಿ ಮೂರನೆಯ ಪುಸ್ತಕದ ಕಡೆಯ ಹಾಳೆಗೆ ಚುಚ್ಚಿದ್ದಾರೆ. ಎದುರಿನ ಎಡಪುಟದಲ್ಲಿ ಒಂದೇ ಸಾಲಿದೆ: “ಯಾರು ಕೇಳಬೇಕು? ಅತ್ತೆಯನ್ನು ವಿಚಾರಿಸಬೇಕು.”